ವಾಲ್ವಣ್ಣನ ಗುಂಯ್‌ಕಾರ

ದೇವರು ಕಿವಿ ಕೊಡುವಾಗ ತಾರತಮ್ಯ ಮಾಡಲಿಲ್ಲ. ತಲೆಗೆರಡರಂತೆ ಹಂಚಿ ಕೈತೊಳೆದುಕೊಂಡ. ತಾರತಮ್ಯವನ್ನೆಲ್ಲ ಆಮೇಲೆ ಮಾಡಿದ್ದು ಶುದ್ಧ ಶ್ರವಣ ಮಂಡಳಿಯವರು. ಅವರ ಪ್ರಕಾರ ಲೋಕದಲ್ಲಿ ಕಿವಿಗಳು ಮೂರು ಬಗೆ: ಮಂಡಳಿಯ ಕಿವಿ, ಮಂಡಳಿ ಸೇರಬಹುದಾದ ಕಿವಿ, ಮತ್ತು ಕನ್ನಡಕ ನಿಲ್ಲಿಸಲು ಮಾತ್ರ ಉಪಯೋಗಕ್ಕೆ ಬರುವ ಕಿವಿ. ನಮ್ಮ ವಾಲ್ವಣ್ಣ ಎರಡನೆಯ ಬಗೆಯಲ್ಲಿ ಸಿಕ್ಕಿಕೊಂಡು ವರ್ಷಗಳೇ ಆಗಿದ್ದವು.

ವಾಲ್ವಣ್ಣ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಬೀದಿಯವರು ಇಟ್ಟದ್ದು. ಅವನು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್. ಹಗಲೆಲ್ಲ ಅಂಗಡಿಯಿಂದ ಅಂಗಡಿಗೆ ಸುತ್ತಿ ತಕ್ಕಡಿಗೆ ಮುದ್ರೆ ಒತ್ತುವುದು, ಗುಲಗಂಜಿಯಷ್ಟು ತೂಕ ಕಡಿಮೆ ಬಂದರೂ ಅಂಗಡಿಯವನ ಜನ್ಮ ಜಾಲಾಡುವುದು, ಇದು ಅವನ ಹೊಟ್ಟೆಪಾಡು. ಸಂಜೆ ಮನೆಗೆ ಬಂದು ಇಲಾಖೆಯ ಅಂಗಿ ಕಳಚಿದ ಕೂಡಲೇ "ಅಳತೆಗೆ ಸಿಗೋದೆಲ್ಲ ಸುಳ್ಳು ಕಣೇ, ಕಿವಿಗೆ ಸಿಗೋದಷ್ಟೇ ನಿಜ" ಎಂದು ಹೆಂಡತಿಗೆ ಉಪದೇಶ ಮಾಡುವುದು ಅವನ ಧರ್ಮ. ಹೆಂಡತಿ ಈ ಉಪದೇಶವನ್ನು ಕುಕ್ಕರಿನ ಸೀಟಿಯ ಜೊತೆಗೆ ಕೇಳಿಸಿಕೊಳ್ಳುತ್ತಿದ್ದಳು. ಎರಡರಲ್ಲಿ ಸೀಟಿಗೆ ಮಾತ್ರ ಎದ್ದು ಹೋಗುತ್ತಿದ್ದಳು.

ಅಪಾರ್ಟ್‌ಮೆಂಟ್ ಕಟ್ಟಡದಲ್ಲಿದ್ದ ಅವನ ಮನೆಯ ನಡುಕೋಣೆಯಲ್ಲಿ, ಗಾಜಿನ ವಾಲ್ವುಗಳು ಉರಿದು ಹಾಡಿನ ಸದ್ದು ಹಿಗ್ಗಿಸುವ ಹಳೇ ಕಾಲದ ಒಂದು ವಾಲ್ವ್ ಆಂಪ್ಲಿಫೈಯರ್ ಇತ್ತು. ಇತ್ತು ಎನ್ನುವುದು ಸಣ್ಣ ಮಾತಾಯಿತು. ಅದು ಕೂತಿತ್ತು, ಮಿಕ್ಕವರು ಅದರ ಸುತ್ತ ಇದ್ದರು. ಬಾಗಿಲು ಹಾಕಿದ ಸಿನಿಮಾ ಮಂದಿರವೊಂದರ ಉಗ್ರಾಣದಿಂದ ವಾಲ್ವಣ್ಣ ಅದನ್ನು ಪುಕ್ಕಟೆ ತಂದಿದ್ದ. ಮಂದಿರದವರು ನಗುನಗುತ್ತಲೇ ಕೊಟ್ಟರು. ಅದನ್ನು ಹೊರಗೆ ಸಾಗಿಸಲು ಬಾಗಿಲಿನ ಚೌಕಟ್ಟು ಒಡೆಯಬೇಕಾಗಿ ಬಂದಾಗ ಮಾತ್ರ ಅವರ ನಗು ನಿಂತಿತು. ಮನೆಗೆ ಬಂದ ದಿನ ಅದರ ಭಾರಕ್ಕೆ ಕೋಣೆಯ ನೆಲ ಹೇಗೆ ಬಗ್ಗಿತೆಂದರೆ, ಮೂಲೆಯಲ್ಲಿದ್ದ ಕುರ್ಚಿ ಮೇಜುಗಳೆಲ್ಲ ಮೆಲ್ಲಗೆ ಜಾರಿಕೊಂಡು ಬಂದು ಅದರ ಮುಂದೆ ಕೈಕಟ್ಟಿ ನಿಂತವು ಎಂದು ನೆರೆಯವರು ಇಂದಿಗೂ ಹೇಳುತ್ತಾರೆ.

ಅದರೊಳಗೆ ಇಲಿಗಳ ಹಲವು ತಲೆಮಾರು ಸಂಸಾರ ಹೂಡಿತ್ತು. ಅವನ್ನು ಒಕ್ಕಲೆಬ್ಬಿಸಿ, ಮೇಣ ಕಕ್ಕಿ ಊದಿಕೊಂಡಿದ್ದ ಹಳೆಯ ಕಂಡೆನ್ಸರುಗಳನ್ನು ಕಿತ್ತು, ಹೊಸದನ್ನು ಬೆಸೆದ. ವಾಲ್ವುಗಳ ಪಿನ್ನುಗಳನ್ನು ಹೆಂಡತಿಯ ಉಗುರು ಉಜ್ಜುವ ಅರದಿಂದ ಉಜ್ಜಿದ. ಅಲ್ಲಿಗೆ ರಿಪೇರಿ ಮುಗಿದು ಉದ್ಧಾರ ಶುರುವಾಯಿತು. ತಾಮ್ರದ ತಂತಿ ತೆಗೆದು ಬೆಳ್ಳಿ ಪೂಸಿದ ತಂತಿ ಎಳೆದ. ವಾಲ್ಯೂಮಿನ ಪ್ಲಾಸ್ಟಿಕ್ ಗುಂಡಿ ಕಿತ್ತು ಮರದ ಗುಂಡಿ ಕೂರಿಸಿದ. ಮರದ ಗುಂಡಿಯಿಂದ ಧ್ವನಿಗೆ ಬೆಚ್ಚಗಿನ ಗುಣ ಬರುತ್ತದೆಂದು ಮಂಡಳಿಯಲ್ಲಿ ತೀರ್ಮಾನವಾಗಿತ್ತು. ಒಮ್ಮೆ, ಪ್ಲಗ್ ಕಿತ್ತಿದ್ದೇನಲ್ಲ ಎಂಬ ಧೈರ್ಯದಲ್ಲಿ ಒಳಗೆ ಕೈ ಹಾಕಿದ. ಪ್ಲಗ್ ಕಿತ್ತರೂ ಕಂಡೆನ್ಸರಿನ ಹೊಟ್ಟೆಯಲ್ಲಿ ಕರೆಂಟು ಉಳಿದಿರುತ್ತದೆ ಎಂಬ ಪಾಠವನ್ನು ಯಂತ್ರವೇ ಖುದ್ದಾಗಿ ಹೇಳಿಕೊಟ್ಟಿತು. ಅವನು ಹಾರಿ ಬಟ್ಟೆ ಬೀರುವಿನ ಮೇಲೆ ಕುಳಿತ. ಹೆಂಡತಿ ಏಣಿ ತಂದು ಆನಿಸಿ, "ಹೇಗೂ ಹತ್ತಿದ್ದೀರಿ, ಇಳಿಯೋವಾಗ ಹಿಂದಿರೋ ಸೂಟ್‌ಕೇಸೂ ತಗೊಂಡು ಬನ್ನಿ" ಎಂದಳು.

ಇಷ್ಟೆಲ್ಲ ಪಾಡು ಒಂದು ಕುರ್ಚಿಗಾಗಿ.

ಶುದ್ಧ ಶ್ರವಣ ಮಂಡಳಿ ಪ್ರತಿ ಭಾನುವಾರ ಬೆಳಗ್ಗೆ ಅಧ್ಯಕ್ಷರಾದ ಹಲ್ಲಿನ ಡಾಕ್ಟರ ಮನೆಯ ಮಹಡಿಯಲ್ಲಿ ಸೇರುತ್ತಿತ್ತು. ಸದಸ್ಯರಿಗೆ ಒಬ್ಬೊಬ್ಬರಿಗೂ ಅವರದೇ ಬೆತ್ತದ ಕುರ್ಚಿ. ವಾಲ್ವಣ್ಣ ಸದಸ್ಯನಲ್ಲ, ಆಹ್ವಾನಿತ. ಆಹ್ವಾನಿತನಿಗೆ ಬಾಗಿಲ ಹಿಂದೆ ಚಪ್ಪಲಿ ಗೂಡಿನ ಪಕ್ಕದ ಸ್ಟೂಲು. ಅಲ್ಲಿ ಕೂತವನಿಗೆ ಸಂಗೀತದ ಎಡಭಾಗ ಬಾಗಿಲಿಗೆ ಬಡಿದು, ಬಲಭಾಗ ಸದಸ್ಯರಾದ ವಕೀಲರೊಬ್ಬರ ಬೂಟಿನ ವಾಸನೆಯೊಂದಿಗೆ ಬೆರೆತು ತಲುಪುತ್ತಿತ್ತು. ಈಚೆಗೆ ಸದಸ್ಯರೊಬ್ಬರು ವರ್ಗವಾಗಿ ಬೇರೆ ಊರಿಗೆ ಹೋಗಿ ಒಂದು ಕುರ್ಚಿ ಖಾಲಿಯಾಗಿತ್ತು. ಅದರ ಬೆತ್ತ ಒಂದು ಕಡೆ ಕಿತ್ತುಹೋಗಿತ್ತು ನಿಜ. ಆದರೆ ಸಿಂಹಾಸನದ ಮೊಳೆ ಚುಚ್ಚುತ್ತದೆಂದು ಯಾವ ರಾಜನೂ ಎದ್ದುಹೋದದ್ದಿಲ್ಲ.

ಡಾಕ್ಟರು ಅರ್ಧ ಆಯುಷ್ಯವನ್ನು ಹಲ್ಲು ಕೊರೆಯುವ ಯಂತ್ರದ ಕಿರುಚಾಟದಲ್ಲೂ, ಉಳಿದರ್ಧವನ್ನು ಹಲ್ಲಿನವರ ಕಿರುಚಾಟದಲ್ಲೂ ಕಳೆದವರು. ಇದರಿಂದ ಕಿವಿಯ ಒರಟು ಭಾಗವೆಲ್ಲ ಸವೆದು ಸೂಕ್ಷ್ಮ ಭಾಗ ಮಾತ್ರ ಉಳಿದಿದೆ ಎಂದು ಅವರು ನಂಬಿದ್ದರು. ಮನೆಯ ಕರೆಗಂಟೆ ಅವರಿಗೆ ಕೇಳಿಸುತ್ತಿರಲಿಲ್ಲ, ಅದು ಕೀಳು ದರ್ಜೆಯ ಶಬ್ದವಾದ್ದರಿಂದ. ಆದರೆ ತಂತಿಯನ್ನು ಎಡದಿಂದ ಬಲಕ್ಕೆ ಜೋಡಿಸಿದ್ದಾರೋ ಬಲದಿಂದ ಎಡಕ್ಕೋ ಎಂಬುದನ್ನು ಒಂದೇ ಹಾಡಿನಲ್ಲಿ ಹೇಳಿಬಿಡುತ್ತಿದ್ದರು. ಅವರು ಏನು ಹೇಳಿದರೂ ಪಕ್ಕದ ಕುರ್ಚಿಯ ವಕೀಲರು "ನನ್ನ ಅಭಿಪ್ರಾಯವೂ ಅದೇ, ಆದರೆ ಇನ್ನೂ ಜಾಸ್ತಿ" ಎನ್ನುತ್ತಿದ್ದರು.

"ಬರೋ ಭಾನುವಾರ ಬಿಟ್ಟು ಆಚೆ ಭಾನುವಾರ ನಿಮ್ಮನೆಗೇ ಬರ್ತೀವಿ" ಎಂದರು ಡಾಕ್ಟರು. "ನಿಮ್ಮ ಯಂತ್ರ ಕೇಳ್ತೀವಿ. ಹಿನ್ನೆಲೆ ಕಪ್ಪಗಿರಬೇಕು ನೋಡಿ. ಹಿನ್ನೆಲೆ ಕಪ್ಪಗಿದ್ರೆ ಕುರ್ಚಿ ನಿಮ್ಮದು."

ಹಿನ್ನೆಲೆ ಕಪ್ಪಗಿರುವುದು ಎಂದರೆ ಹಾಡಿಲ್ಲದಾಗ ಯಂತ್ರ ಮಿಸುಕಬಾರದು ಎಂದರ್ಥ. ವಾಲ್ವಣ್ಣ ಆ ವಾರವಿಡೀ ಯಂತ್ರವನ್ನು ಉರಿಸಿಯೇ ಇಟ್ಟ. ವಾಲ್ವುಗಳು ಕೆಂಡದಂತೆ ಹೊಳೆದವು. ಕೋಣೆಯ ಶಾಖಕ್ಕೆ ಗೋಡೆಯ ಮೇಲಿನ ಹಿರಿಯರ ಫೋಟೋಗಳೂ ಬೆವರಿದವು. ಪಕ್ಕದ ಮನೆಯ ಬೆಕ್ಕು ಗಂಟುಮೂಟೆ ಕಟ್ಟಿಕೊಂಡು ಇಲ್ಲೇ ವಾಸಕ್ಕೆ ಬಂತು. ಯಂತ್ರ ಮಾತ್ರ ಉಸಿರೆತ್ತಲಿಲ್ಲ. ವಾಲ್ವಣ್ಣ ಸ್ಪೀಕರಿನೊಳಗೆ ತಲೆ ತೂರಿಸಿ ಆಲಿಸಿದ. ಬಾವಿಯ ತಳದಂಥ ಮೌನ. ಕುರ್ಚಿ ಸಿಕ್ಕೇಬಿಟ್ಟಿತು ಎಂದುಕೊಂಡ.

ಮರುವಾರ, ಸೋಮವಾರ ಮಾವ ಬಂದರು.

ಹೆಂಡತಿಯ ತಂದೆ. ರೈಲ್ವೆಯಲ್ಲಿ ಗಾರ್ಡ್ ಆಗಿದ್ದವರು. ನಿವೃತ್ತಿಯಾದರೂ ಯಾವ ಕೋಣೆಯಿಂದ ಹೊರಡುವ ಮೊದಲೂ ಹಿಂದೆ ಮುಂದೆ ನೋಡಿ ಕೈ ಬೀಸುತ್ತಿದ್ದರು. ಅವರ ಮನೆಗೆ ಬಣ್ಣ ಬಳಿಯುತ್ತಿದ್ದರು, ವಾಸನೆ ಹೋಗುವವರೆಗೆ ಮಗಳ ಮನೆ. ಅವರ ಕಿವಿ ಮಂದ. ಈಚೆಗಷ್ಟೇ ಕಿವಿಗೆ ಹೊಸ ಮಷಿನ್ ಹಾಕಿಸಿಕೊಂಡು, ತಪ್ಪಿಹೋಗಿದ್ದ ಶಬ್ದಗಳನ್ನೆಲ್ಲ ಬಡ್ಡಿ ಸಮೇತ ವಸೂಲಿ ಮಾಡಿಕೊಳ್ಳುತ್ತಿದ್ದರು.

ಮಾವ ಯಂತ್ರದ ಪಕ್ಕದ ಸೋಫಾದಲ್ಲಿ ಕೂತು ಕಾಲು ಚಾಚಿದರು. ತಲೆ ಓರೆ ಮಾಡಿದರು.

"ಅಳಿಯಂದ್ರೇ, ನಿಮ್ಮ ಪೆಟ್ಟಿಗೆ ಗುಂಯ್ ಅಂತಿದೆ."

"ಯಾವ್ದು ಮಾವ?"

"ಇದೇ. ದುಂಬಿ ಡಬ್ಬೀಲಿ ಸಿಕ್ಕಂಗೆ. ಗುಂಯ್ಯ್ಯ್. ಕೇಳ್ತಿಲ್ವಾ?"

ವಾಲ್ವಣ್ಣನಿಗೆ ಏನೂ ಕೇಳಿಸಲಿಲ್ಲ. ಉಸಿರು ಬಿಗಿಹಿಡಿದ, ಗಡಿಯಾರ ಕೇಳಿಸಿತು. ಕಣ್ಣು ಮುಚ್ಚಿದ, ಬೆಕ್ಕಿನ ಗೊರಕೆ ಕೇಳಿಸಿತು. ಗುಂಯ್ ಎಂಬುದರ ಸುಳಿವಿಲ್ಲ. ಆದರೆ ಬೆತ್ತದ ಕುರ್ಚಿಗೆ ಹೊರಟವನು, ಮಷಿನ್ ಹಾಕಿಕೊಂಡ ಮುದುಕನಿಗೆ ಕೇಳಿಸಿದ್ದು ನನಗೆ ಕೇಳಿಸಲಿಲ್ಲ ಎಂದು ಬಾಯಿಬಿಟ್ಟು ಹೇಳುವುದುಂಟೆ?

"ಹಾಂ ಮಾವ" ಎಂದ. "ನಾನೂ ಅದನ್ನೇ ಗಮನಿಸ್ತಿದ್ದೆ."

ಹೆಂಡತಿ ಅಡುಗೆಮನೆಯಿಂದ ಬಂದು ಕಿವಿಗೊಟ್ಟಳು. "ನಂಗೇನೂ ಇಲ್ವಲ್ಲ."

"ಅದು ಎಲ್ಲರಿಗೂ ಕೇಳೋ ಅಂಥದ್ದಲ್ಲ" ಎಂದ ವಾಲ್ವಣ್ಣ.

"ಅಪ್ಪಂಗೆ ಕೇಳತ್ತೆ, ನನಗೆ ಕೇಳಲ್ವಾ? ಮೊನ್ನೆ ಅವರ ಮನೆ ಮುಂದೆ ಲಾರಿ ಮಗುಚಿಕೊಂಡಾಗ ಅಪ್ಪ ಏನೋ ಸಣ್ಣ ಸದ್ದಾಯ್ತಲ್ಲ ಅಂದ್ರಂತೆ."

ವಾಲ್ವಣ್ಣ ಬೆಸುಗೆ ಕಡ್ಡಿ ಕಾಯಿಸಿದ. ಮಂಗಳವಾರ ವಾಲ್ವುಗಳನ್ನೆಲ್ಲ ಬದಲಿಸಿದ. ಬುಧವಾರ ಅರ್ಥಿಂಗ್ ತಂತಿ ಬದಲಿಸಿದ. ಪ್ರತಿ ಸಲವೂ ಮಾವನನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಈಗ?" ಎನ್ನುವುದು. ಮಾವ ರೈಲು ಬಿಡುವ ಗಾಂಭೀರ್ಯದಲ್ಲಿ ತಲೆಯಾಡಿಸಿ, "ಇದೆ" ಎನ್ನುವುದು. ಯಂತ್ರದ ಕಬ್ಬಿಣದ ಹೃದಯವಾದ ಟ್ರಾನ್ಸ್‌ಫಾರ್ಮರನ್ನು ಕಿತ್ತು ಅಡ್ಡಡ್ಡ ತಿರುಗಿಸಿ ಕೂರಿಸಿದಾಗ ಮಾತ್ರ ಮಾವ, "ಈಗ ಜಾಸ್ತಿ ಆಯ್ತು" ಎಂದರು. ಹಿಂದಿನಂತೆ ತಿರುಗಿಸಿದಾಗ, "ಈಗ ಕಮ್ಮಿ" ಎಂದರು. ಕಣ್ಣು ಕಟ್ಟಿ ಕೂರಿಸಿ ಪರೀಕ್ಷಿಸಿದರೂ ಅದೇ. ಮುದುಕರು ಸುಳ್ಳು ಹೇಳುತ್ತಿರಲಿಲ್ಲ. ಇದಕ್ಕಿಂತ ಕೆಟ್ಟ ಸುದ್ದಿ ವಾಲ್ವಣ್ಣನಿಗೆ ಬೇರೆ ಇರಲಿಲ್ಲ.

ಕೊನೆಗೆ ಅಧ್ಯಕ್ಷರಿಗೇ ಫೋನ್ ಮಾಡಿದ.

"ಸಾರ್, ಯಂತ್ರದಲ್ಲಿ ಒಂದು ಸೂಕ್ಷ್ಮವಾದ ಹಮ್ ಕಾಣಿಸ್ಕೊಂಡಿದೆ." ಗುಂಯ್ ಎಂಬುದಕ್ಕೆ ಮಂಡಳಿಯ ಭಾಷೆಯಲ್ಲಿ ಹಮ್ ಎಂದು ಹೆಸರು, ಹಾಗೆಂದ ಕೂಡಲೇ ಅದಕ್ಕೊಂದು ಕುಲಗೋತ್ರ ಬಂದುಬಿಡುತ್ತದೆ.

"ಫೋನು ಸ್ಪೀಕರಿಗೆ ಹಿಡೀರಿ" ಎಂದರು ಡಾಕ್ಟರು.

ವಾಲ್ವಣ್ಣ ಹಿಡಿದ. ಡಾಕ್ಟರ ಕಡೆ ಯಾರದೋ ಬಾಯಿ ತೆರೆದೇ ಇತ್ತು. ಒಳಗೆ ಹತ್ತಿ ತುಂಬಿಸಿಕೊಂಡವನೊಬ್ಬ ನರಳುತ್ತಿದ್ದ.

"ಸುಮ್ನಿರ್ರೀ ನೀವು, ಹಲ್ಲು ಎಲ್ಲೂ ಓಡಿಹೋಗಲ್ಲ" ಎಂದು ಡಾಕ್ಟರು ಅವನಿಗೆ ಹೇಳಿ, ಬಹಳ ಹೊತ್ತು ಆಲಿಸಿದರು. "ಹಿಡಿದೆ. ಸ್ಪಷ್ಟವಾಗಿದೆ. ಇದು ನಿಮ್ಮ ಯಂತ್ರದ ದೋಷ ಅಲ್ಲ. ನಿಮ್ಮ ಕಟ್ಟಡದ ಕರೆಂಟು ಕೊಳಕು. ಯಾರೋ ಗಲೀಜು ಮಾಡ್ತಿದ್ದಾರೆ. ನಿಮಗೆ ಕೇಳಿಸ್ತಿದೆ ತಾನೆ?"

"ತಲೆ ತೂತು ಬೀಳೋ ಹಾಗೆ ಕೇಳಿಸ್ತಿದೆ ಸಾರ್."

"ಭಾನುವಾರದೊಳಗೆ ತೊಳೆಸಿಬಿಡಿ. ಇಲ್ಲಾಂದ್ರೆ ಕುರ್ಚಿ ಮಾತು ಮುಂದಿನ ವರ್ಷಕ್ಕೆ."

ಕರೆಂಟನ್ನು ಎಲ್ಲಿ ಒಗೆದು ಎಲ್ಲಿ ಒಣಹಾಕಬೇಕೆಂದು ಅವರು ಹೇಳಲಿಲ್ಲ. ವಾಲ್ವಣ್ಣ ಇಲಾಖೆಯ ಅಂಗಿ ತೊಟ್ಟು, ತಕ್ಕಡಿ ತಪಾಸಣೆಗೆ ಹೊರಡುವ ಠೀವಿಯಲ್ಲಿ ಮೆಟ್ಟಿಲು ಹತ್ತಿದ.

ಮೇಲಿನ ಮನೆಯಲ್ಲಿ ಟೈಲರಮ್ಮ ಮೋಟರಿನ ಹೊಲಿಗೆಯಂತ್ರ ಇಟ್ಟಿದ್ದಳು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಬಾಗಿಲು ತೆರೆದಳು.

"ನಿಮ್ಮ ಮೋಟರು ನಿಲ್ಲಿಸ್ಬೇಕು. ನಮ್ಮನೇಲಿ ಗುಂಯ್ ಅಂತಿದೆ."

"ಯಾರು ಅಂತಿದಾರೆ?"

"ಕರೆಂಟು."

ಟೈಲರಮ್ಮ ಸೂಜಿಗಳನ್ನು ಒಂದೊಂದಾಗಿ ಬಾಯಿಂದ ತೆಗೆದಳು, ಏಕೆಂದರೆ ಮುಂದೆ ಆಡಬೇಕಾದ ಮಾತು ದೊಡ್ಡದಿತ್ತು. "ಅಣ್ಣಾ, ವಾರದಿಂದ ನಿಮ್ಮನೆ ಬಿಸಿಗೆ ನನ್ನ ನೆಲದ ಮೇಲೆ ಬರಿಗಾಲಲ್ಲಿ ನಿಲ್ಲಕ್ಕಾಗ್ತಿಲ್ಲ. ಇಸ್ತ್ರಿಪೆಟ್ಟಿಗೆ ಬೇಡ, ಅಂಗಿ ಸುಮ್ನೆ ನೆಲಕ್ಕೆ ಹಾಸಿದ್ರೆ ಸಾಕು ಅನ್ನೋ ಹಾಗಾಗಿದೆ. ನಾನು ಬಾಯಿ ಬಿಟ್ಟಿದ್ದೀನಾ? ಈಗ ನನ್ನ ಮೋಟರಿಗೇ ಬಂದ್ರಾ? ನಂಗಂತೂ ಯಾವ ಗುಂಯ್ಯೂ ಕೇಳ್ತಿಲ್ಲ."

"ಸಂಸ್ಕಾರ ಇರೋ ಕಿವಿಗೆ ಮಾತ್ರ ಕೇಳತ್ತೆ ಅಮ್ಮಾ. ನಮ್ಮ ಡಾಕ್ಟ್ರಿಗೆ ಫೋನಲ್ಲೇ ಕೇಳ್ತು."

ಈ ಒಂದು ಮಾತು ಮೆಟ್ಟಿಲಿಳಿದು, ಲಿಫ್ಟ್ ಹತ್ತಿ, ಸಂಜೆಯೊಳಗೆ ಕಟ್ಟಡವಿಡೀ ಸುತ್ತಿತು. ಸಂಸ್ಕಾರವಿಲ್ಲದ ಕಿವಿ ಇಟ್ಟುಕೊಂಡು ನೆರೆಹೊರೆಯಲ್ಲಿ ತಲೆಯೆತ್ತಿ ಓಡಾಡುವುದು ಹೇಗೆ? ಮೊದಲು ಕೇಳಿಸಿದ್ದು ಟೈಲರಮ್ಮನಿಗೇ. ಅವಳು ಒಂದು ಕೋಟಿನ ಎರಡೂ ತೋಳುಗಳನ್ನು ಒಂದೇ ಕಡೆ ಹೊಲಿದಿಟ್ಟಿದ್ದಳು. ಗಿರಾಕಿ ಬೈಯಲು ಬಂದಾಗ, "ನಾನೇನು ಮಾಡ್ಲಿ, ಕಟ್ಟಡದಲ್ಲಿ ಗುಂಯ್ ಅಂತಿದೆ, ಗಮನ ನಿಲ್ಲಲ್ಲ" ಎಂದಳು. ಗಿರಾಕಿಯೂ ಕಿವಿಗೊಟ್ಟು ಕೇಳಿ, "ಹೌದಲ್ಲ, ಪಾಪ" ಎಂದು ಕೋಟನ್ನು ಹಾಗೆಯೇ ತೊಟ್ಟುಕೊಂಡು ಹೋದ.

ಕಟ್ಟಡದ ಸಂಘದ ಕಾರ್ಯದರ್ಶಿಗಳಿಗೆ ಅದು ಕಿವಿಗಲ್ಲ, ಮೊಣಕಾಲಿಗೆ ಕೇಳಿಸಿತು. ಅವರು ತುರ್ತು ಸಭೆ ಕರೆದರು. ಗುಂಯ್ ಬೆಳಗ್ಗೆ ಹೆಚ್ಚೋ ಸಂಜೆ ಹೆಚ್ಚೋ ಎಂಬ ಬಗ್ಗೆ ಜಗಳವಾಗಿ, ಬೆಳಗಿನವರೂ ಸಂಜೆಯವರೂ ಮಾತು ಬಿಟ್ಟರು. ಗುರುವಾರ ಇಡೀ ಕಟ್ಟಡ ಫ್ರಿಜ್, ಫ್ಯಾನು, ಲಿಫ್ಟು ಎಲ್ಲ ಆರಿಸಿ ಕುಳಿತಿತು. ಲಿಫ್ಟಿನಲ್ಲಿ ಸಿಕ್ಕಿಕೊಂಡಿದ್ದ ಹಾಲಿನವನು ಬಾಗಿಲು ಬಡಿದಾಗ, "ಸದ್ದು ಮಾಡ್ಬೇಡಪ್ಪಾ, ಕೇಳ್ತಿದ್ದೀವಿ" ಎಂದು ಗದರಿದರು. ಕೆಳಗೆ ವಾಲ್ವಣ್ಣನ ಯಂತ್ರ ಒಂದೇ ಉರಿಯುತ್ತಿತ್ತು. ಸೋಫಾದಲ್ಲಿ ಮಾವ ತಲೆ ಓರೆ ಮಾಡಿದರು. ಬಾಗಿಲಲ್ಲಿ ನೆರೆಯವರೆಲ್ಲ ಕುತ್ತಿಗೆ ಉದ್ದ ಮಾಡಿ ನಿಂತಿದ್ದರು.

"ಇದೆ" ಎಂದರು ಮಾವ.

"ಇದೆ, ಇದೆ" ಎಂದಿತು ಬಾಗಿಲು.

ಶುಕ್ರವಾರ ವಿದ್ಯುತ್ ಕಚೇರಿಯಿಂದ ಎಂಜಿನಿಯರು ಬಂದ. ಚರ್ಮದ ಚೀಲದಿಂದ ಮೀಟರ್ ತೆಗೆದು ಗೋಡೆಯ ತೂತಿಗೆ ಚುಚ್ಚಿದ. ಮುಳ್ಳು ಎಲ್ಲಿರಬೇಕೋ ಅಲ್ಲೇ ನಿಂತಿತು.

"ಏನೂ ತೊಂದ್ರೆ ಇಲ್ವಲ್ರೀ."

"ಮೀಟರಿಗೆ ಸಿಗಲ್ಲ ಸಾರ್ ಅದು" ಎಂದ, ದಿನವೂ ತಕ್ಕಡಿಗೆ ಮುದ್ರೆ ಒತ್ತುವ ವಾಲ್ವಣ್ಣ.

"ನನ್ನ ಕಿವಿಗೂ ಸಿಗ್ತಿಲ್ಲ."

ಕಾರ್ಯದರ್ಶಿಗಳು ಕೆಮ್ಮಿದರು. "ಡಾಕ್ಟ್ರಿಗೆ ಕೇಳಿಸಿದೆ. ವಕೀಲರಿಗೂ ಫೋನಲ್ಲೇ ಕೇಳಿಸಿದೆಯಂತೆ. ನಿಮ್ಮ ಮೇಲಿನ ಸಾಹೇಬ್ರು ಇದ್ದಾರಲ್ಲ, ಅವರ ಹಲ್ಲು ಕಟ್ಟಿದ್ದು ಇದೇ ಡಾಕ್ಟ್ರು. ಅವರಿಗೂ ಕೇಳಿಸಿದೆಯಂತೆ."

ಎಂಜಿನಿಯರಿನ ಮುಖದಲ್ಲಿ ಶ್ರವಣಶಕ್ತಿ ಉದಯಿಸುವುದು ಎಲ್ಲರಿಗೂ ಕಾಣಿಸಿತು. ಆದರೆ ಅವನು ಸರ್ಕಾರಿ ಮನುಷ್ಯ, ಕೇಳಿಸಿಕೊಂಡದ್ದನ್ನೆಲ್ಲ ತನ್ನ ತಲೆಗೆ ಕಟ್ಟಿಕೊಳ್ಳುವ ಪೈಕಿಯಲ್ಲ. ಬಾಗಿಲ ಹೊರಗಿನ ವಿದ್ಯುತ್ ಮೀಟರಿನ ಆಚೆ ಹೋಗಿ ನಿಂತು ಆಲಿಸಿದ. ಈಚೆ ಬಂದು ಆಲಿಸಿದ. ಮತ್ತೆ ಆಚೆ ಹೋದ.

"ಗುಂಯ್ ಇರೋದು ನಿಜ" ಎಂದ. "ಆದ್ರೆ ಮೀಟರಿನ ಈಚೆ ನಿಂತ್ರೆ ಕೇಳತ್ತೆ, ಆಚೆ ನಿಂತ್ರೆ ಕೇಳಲ್ಲ. ಈಚಿನದು ಗಿರಾಕೀದು, ಆಚಿನದು ನಮ್ದು. ಅಲ್ಲಿಗೆ ಇದು ನಮ್ಮ ಗುಂಯ್ ಅಲ್ಲ." ಹೀಗೆಂದು ಚೀಲ ಮುಚ್ಚಿಕೊಂಡು ಹೊರಟ. ಮೆಟ್ಟಿಲಿಳಿಯುವಾಗ, ಬಿಸಿಲಿಗೋ ಏನೋ, ಕಿವಿಯಲ್ಲಿ ಕಿರುಬೆರಳು ಇಟ್ಟು ಅಲ್ಲಾಡಿಸಿಕೊಳ್ಳುತ್ತಿದ್ದನೆಂದು ನೋಡಿದವರು ಹೇಳಿದರು.

ಶನಿವಾರ ಬೆಳಗ್ಗೆ ಮಾವ ತಿಂಡಿ ತಿನ್ನುತ್ತ ಮಗಳಿಗೆ ಹೇಳಿದರು: "ಮಗಾ, ನಿಮ್ಮನೇಲಿ ಪೆಟ್ಟಿಗೆ ಒಂದೇ ಅಲ್ಲ, ಕರೆಂಟಿನ ಮೀಟರೂ ಗುಂಯ್ ಅಂತದೆ. ಬೀದೀಲಿ ಆ ಕಂಬದ ಹತ್ರ ಹೋದ್ರಂತೂ ಜೇನುಗೂಡೇ."

ಮಗಳು ಅವರ ಮುಖ ನೋಡಿದಳು, ಕಿವಿ ನೋಡಿದಳು. ಚಪ್ಪಲಿ ಮೆಟ್ಟಿಕೊಂಡು ಅವರನ್ನು ಕಿವಿ ಮಷಿನ್ ಕೊಟ್ಟಿದ್ದ ಅಂಗಡಿಗೆ ಕರೆದುಕೊಂಡು ಹೋದಳು. ಮಧ್ಯಾಹ್ನದೊಳಗೆ ಇಬ್ಬರೂ ವಾಪಸು. ಮಾವ ಯಂತ್ರದ ಪಕ್ಕ ಕೂತರು. ತಲೆ ಓರೆ ಮಾಡಿದರು.

"ಏನೂ ಇಲ್ಲ ಅಳಿಯಂದ್ರೇ. ನಿಂತೋಗಿದೆ."

ವಾಲ್ವಣ್ಣ ಕೈಯಲ್ಲಿದ್ದ ವಾಲ್ವನ್ನು ಇಡುವುದಕ್ಕೂ ಮರೆತ. "ನಾನು ಏನೂ ಮಾಡೇ ಇಲ್ವಲ್ಲ."

"ನೀವು ಮಾಡಿಲ್ಲ, ಅಂಗಡಿಯವಳು ಮಾಡಿದ್ಲು" ಎಂದಳು ಹೆಂಡತಿ. "ಅಪ್ಪನ ಮಷಿನ್ನಲ್ಲಿ ಒಂದು ಸಣ್ಣ ಕೊಂಡಿ ಇದೆ. ಒಂದು ಕಡೆಗೆ ತಳ್ಳಿದ್ರೆ ಜನರ ಮಾತು, ಇನ್ನೊಂದು ಕಡೆಗೆ ಟೆಲಿಫೋನು. ಅಪ್ಪ ಎರಡೂ ಇರ್ಲಿ ಅಂತ ನಡುವೆ ಇಟ್ಕೊಂಡಿದ್ರು. ಫೋನಿಗೆ ಅಂತ ಅದರೊಳಗೆ ತಂತಿ ಸುರುಳಿ ಇಟ್ಟಿರ್ತಾರಂತೆ, ಅದು ಟ್ರಾನ್ಸ್‌ಫಾರ್ಮರಿನ ಅಯಸ್ಕಾಂತದ ಶಕ್ತೀನ ನೇರ ಎಳ್ಕೊಂಡು ಗುಂಯ್ ಅನ್ಸತ್ತೆ. ಅದು ಸದ್ದೇ ಅಲ್ಲ ಕಣ್ರೀ. ಆ ಮಷಿನ್ ಹಾಕದೇ ಇರೋ ಮನುಷ್ಯನ ಕಿವಿಗೆ ಬೀಳೋ ಛಾನ್ಸೇ ಇಲ್ಲ ಅಂದ್ಲು."

"ಹಾಗಾದ್ರೆ ನನ್ನ ಆಂಪ್ಲಿಫೈಯರ್..."

"ಮೊದಲಿಂದಲೂ ಸರಿಯಾಗೇ ಇತ್ತು. ಗುಂಯ್ ಅಂತಿದ್ದಿದ್ದು ನಿಮ್ಮ ಡಾಕ್ಟ್ರು, ವಕೀಲ್ರು, ಮೇಲಿನ ಟೈಲರಮ್ಮ, ಆ ಎಂಜಿನಿಯರು. ಹೋಗಿ ಹೇಳಿ ಅವರಿಗೆ, ನಿಮಗೆ ಕೇಳಿಸಿದ್ದು ಸುಳ್ಳು ಅಂತ. ನಿಮಗೂ ಕೇಳಿಸ್ತಿತ್ತಲ್ಲ, ತಲೆ ತೂತು ಬೀಳೋ ಹಾಗೆ. ಅದನ್ನೂ ಸೇರಿಸಿ ಹೇಳಿ."

ಇಲ್ಲಿ ವಾಲ್ವಣ್ಣನ ಪರಿಸ್ಥಿತಿಯನ್ನು ಓದುಗರು ಸ್ವಲ್ಪ ತೂಗಿ ನೋಡಬೇಕು. ಗುಂಯ್ ಇದೆ ಎಂದರೆ ಯಂತ್ರದ ಹಿನ್ನೆಲೆ ಕಪ್ಪಗಿಲ್ಲ, ಕುರ್ಚಿ ಹೋಯಿತು. ಗುಂಯ್ ಇಲ್ಲ ಎಂದರೆ ಫೋನಿನಲ್ಲೇ ಅದನ್ನು ಹಿಡಿದ ಅಧ್ಯಕ್ಷರು ಬುರುಡೆ ಬಿಟ್ಟಂತಾಯಿತು; ಆಗಲೂ ಕುರ್ಚಿ ಹೋಯಿತು, ಬಹುಶಃ ಸ್ಟೂಲೂ ಹೋಯಿತು. ಸುಳ್ಳಾಡಿದರೂ ನಷ್ಟ, ನಿಜವಾಡಿದರೂ ನಷ್ಟ. ಇಂಥ ತಕ್ಕಡಿಗೆ ಮುದ್ರೆ ಒತ್ತಿದ ಅನುಭವ ಅವನಿಗಿರಲಿಲ್ಲ. ಊಟಕ್ಕೆ ಕೂತಾಗ ಅನ್ನದ ಮೇಲೆ ಮಜ್ಜಿಗೆ ಸುರಿದುಕೊಂಡು, ಅದರ ಮೇಲೆ ಸಾರು ಸುರಿದುಕೊಂಡ. "ಅದನ್ನೂ ಸ್ವಲ್ಪ ಅಪ್‌ಗ್ರೇಡ್ ಮಾಡ್ತಿದ್ದೀರಾ?" ಎಂದು ಕೇಳಿದಳು ಹೆಂಡತಿ.

ಭಾನುವಾರ ಮಂಡಳಿ ಬಂತು. ಕಟ್ಟಡದ ಮಂದಿ ಮೆಟ್ಟಿಲ ಮೇಲೆ ಸಾಲಾಗಿ ಕೂತರು. ಡಾಕ್ಟರು ಸೋಫಾದ ನಡುವೆ ಕೂತು, ಕೈಬೆರಳುಗಳ ತುದಿ ಜೋಡಿಸಿ, ಕಣ್ಣು ಮುಚ್ಚಿದರು. ಹಾಡು ಹಾಕಲು ವಾಲ್ವಣ್ಣ ಕೈ ಚಾಚಿದರೆ ಬೇಡವೆಂದು ಬೆರಳಾಡಿಸಿದರು. ಯಂತ್ರ ಉರಿಯುತ್ತಿತ್ತು, ತುಟಿಪಿಟಕ್ಕೆನ್ನದೆ.

"ಇದೆ" ಎಂದರು ಡಾಕ್ಟರು.

"ನನ್ನ ಅಭಿಪ್ರಾಯವೂ ಅದೇ, ಆದರೆ ಇನ್ನೂ ಜಾಸ್ತಿ" ಎಂದರು ವಕೀಲರು. ಮಿಕ್ಕ ಸದಸ್ಯರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಹಲ್ಲುನೋವು ಬಂದವರ ಹಾಗೆ ನಿಧಾನವಾಗಿ ತಲೆಯಾಡಿಸಿದರು.

ಮೂಲೆಯಿಂದ ಮಾವ ಹೇಳಿದರು: "ಇಲ್ಲ ಡಾಕ್ಟ್ರೇ. ನಿನ್ನೆನೇ ನಿಂತೋಯ್ತು."

ಬೆಕ್ಕು ಕೂಡ ಎದ್ದು ಕೂತಿತು. ಡಾಕ್ಟರು ಕಣ್ಣು ತೆರೆದು ಮುದುಕರನ್ನು ನೋಡಿದರು. ಮೊದಲು ಹಿಡಿದದ್ದು ಇದೇ ಕಿವಿ ಎಂದು ಕಟ್ಟಡಕ್ಕೆಲ್ಲ ಗೊತ್ತಿತ್ತು. ಮೆಟ್ಟಿಲ ಮೇಲಿನವರು ಯಾರ ಕಡೆ ಕೇಳಿಸಿಕೊಳ್ಳಬೇಕೆಂದು ತಿಳಿಯದೆ ಎರಡೂ ಕಡೆ ಕಿವಿ ಆಡಿಸಿದರು.

ಡಾಕ್ಟರು ವಾಲ್ವಣ್ಣನ ಕಡೆ ತಿರುಗಿದರು. "ಯಂತ್ರ ನಿಮ್ಮದು. ಬಿಚ್ಚಿ ಕಟ್ಟಿದವರು ನೀವು. ನೀವೇ ಹೇಳಿ. ಇದೆಯೋ, ಇಲ್ಲವೋ?"

ಹೆಂಡತಿ ಅಡುಗೆಮನೆ ಬಾಗಿಲಿಗೆ ಒರಗಿ, ಕೈಕಟ್ಟಿ ನಿಂತಿದ್ದಳು. ವಾಲ್ವಣ್ಣ ಯಂತ್ರ ನೋಡಿದ. ತನ್ನ ಕೈಯಾರೆ ಇಲಿ ಓಡಿಸಿ, ಬೆಸುಗೆ ಹಾಕಿ, ಶಾಕ್ ಹೊಡೆಸಿಕೊಂಡು ಬೀರು ಹತ್ತಿ ಕೂತು ಕಟ್ಟಿದ ಯಂತ್ರ. ಸೂಜಿಯ ಮೊನೆಯಷ್ಟೂ ತಪ್ಪಿಲ್ಲದ ಯಂತ್ರ.

"ಇದೆ ಸಾರ್" ಎಂದ.

"ಶಾಭಾಸ್" ಎಂದರು ಡಾಕ್ಟರು, ಎದ್ದು ಬಂದು ಅವನ ಹೆಗಲ ಮೇಲೆ ಕೈಯಿಟ್ಟರು. "ತನ್ನ ಯಂತ್ರದ ಹಮ್ಮನ್ನ ತಾನೇ ಒಪ್ಕೊಳ್ಳೋ ಕಿವಿ ಎಷ್ಟು ಜನಕ್ಕಿದೆ ಹೇಳಿ? ನೋಡಿ, ಮೊನ್ನೆವರೆಗೂ ಈ ಹಿರಿಯರ ಮಷಿನ್ನಿಗೂ ಸಿಗ್ತಿತ್ತು. ಅಂದ್ರೆ ಒರಟಾಗಿತ್ತು. ಈಗ ಮಷಿನ್ನಿಗೂ ಸಿಗದಷ್ಟು ಸೂಕ್ಷ್ಮ ಆಗಿದೆ, ಪಳಗಿದೆ. ಇಂಥ ಹಮ್ ಈಗಿನ ಯಂತ್ರಗಳಲ್ಲಿ ಎಲ್ರೀ ಬರತ್ತೆ? ಇದನ್ನ ತೆಗೆಯೋದಕ್ಕೆ ಹೋಗ್ಬೇಡಿ. ಇದು ಮನೇಲಿರೋ ಅಂಥದ್ದಲ್ಲ. ಮಂಡಳಿಯಲ್ಲಿರ್ಬೇಕಾದ್ದು."

ಮಧ್ಯಾಹ್ನವೇ ಹಮಾಲರು ಬಂದರು. ಯಂತ್ರವನ್ನು ಹೊರಗೆ ಸಾಗಿಸಲು ಈ ಮನೆಯ ಬಾಗಿಲಿನ ಚೌಕಟ್ಟೂ ಹೋಯಿತು. ಹೆಂಡತಿ ಬೇಡವೆನ್ನಲಿಲ್ಲ, ಸುತ್ತಿಗೆ ಎಲ್ಲಿದೆ ಎಂದು ತೋರಿಸಿದಳು. ಯಂತ್ರ ಬೀದಿ ಮುಟ್ಟುವಷ್ಟರಲ್ಲಿ ನೆಲ ಒರೆಸಿ, ಆ ಜಾಗದಲ್ಲಿ ತಂದೆಗೆ ಮಂಚ ಹಾಕಿದ್ದಳು. ಬೆಕ್ಕು ಮಾತ್ರ ಹಮಾಲರ ಹಿಂದೆ ಬೀದಿಯ ತಿರುವಿನವರೆಗೆ ಹೋಗಿ ಬಂತು.

"ಕೊಟ್ಟೇಬಿಟ್ರಲ್ಲ" ಎಂದಳು.

"ಕುರ್ಚಿ ಸಿಕ್ತು" ಎಂದ ವಾಲ್ವಣ್ಣ.

ಈಗ ಶುದ್ಧ ಶ್ರವಣ ಮಂಡಳಿಯಲ್ಲಿ ಹಾಡು ಹಾಕುವುದಿಲ್ಲ. ಹಾಡು ಹಾಕಿದರೆ ಹಮ್ ಮುಚ್ಚಿಹೋಗುತ್ತದೆ ಎಂದು ವಕೀಲರು ಮಂಡಿಸಿದ ಠರಾವು ಒಮ್ಮತದಿಂದ ಪಾಸಾಗಿದೆ, ಅನುಮೋದಿಸಿದವನು ವಾಲ್ವಣ್ಣನೇ. ಪ್ರತಿ ಭಾನುವಾರ ಯಂತ್ರ ಉರಿಸುತ್ತಾರೆ. ದೊಡ್ಡ ದೊಡ್ಡ ಮನುಷ್ಯರು ಬೆತ್ತದ ಕುರ್ಚಿಗಳಲ್ಲಿ ಅರ್ಧಚಂದ್ರಾಕಾರವಾಗಿ ಕೂತು, ಕಣ್ಣು ಮುಚ್ಚಿ, ಏನೂ ಇಲ್ಲದ್ದನ್ನು ಬಹಳ ಗಮನವಿಟ್ಟು ಕೇಳುತ್ತಾರೆ. ಕೆಲವು ವಾರ ಅದು ತುಂಬಾ ಚೆನ್ನಾಗಿರುತ್ತದೆ. ಕೆಲವು ವಾರ ಸ್ವಲ್ಪ ಒಣಗಿದಂತಿದೆ ಎಂದು ಅಸಮಾಧಾನಪಡುತ್ತಾರೆ.

ಕಳೆದ ಭಾನುವಾರ ಕೂತು ಸ್ವಲ್ಪ ಹೊತ್ತಾಗಿತ್ತು, ಊರಿಗೆಲ್ಲ ಕರೆಂಟು ಹೋಯಿತು. ತಲೆಯ ಮೇಲಿನ ಫ್ಯಾನು ನಿಧಾನಿಸಿ, ಗೊಣಗಿ, ನಿಂತಿತು. ವಾಲ್ವುಗಳ ಕೆಂಪು ಮೆಲ್ಲಗೆ ಕಂದು ಬಣ್ಣಕ್ಕೆ ತಿರುಗಿ, ಬೂದಿಯಾಗಿ, ಆರಿತು. ವಾಲ್ವಣ್ಣ ಒಂದು ಕಣ್ಣು ತೆರೆದು ನೋಡಿದ. ವಕೀಲರೂ ಒಂದು ಕಣ್ಣು ತೆರೆದು ನೋಡುತ್ತಿದ್ದರು. ಇಬ್ಬರೂ ಕೂಡಲೇ ಮುಚ್ಚಿಕೊಂಡರು. ಬೆವರು ಎಲ್ಲರ ಮೂಗಿನ ತುದಿಗೆ ಬಂದು ನಿಂತಿತು, ಯಾರೂ ಒರೆಸಿಕೊಳ್ಳಲಿಲ್ಲ. ಕುರ್ಚಿಯ ಕಿತ್ತ ಬೆತ್ತ ವಾಲ್ವಣ್ಣನ ತೊಡೆಗೆ ಚುಚ್ಚುತ್ತಿತ್ತು, ಅವನು ಮಿಸುಕಲಿಲ್ಲ.

ಬಹಳ ಹೊತ್ತಿನ ಮೇಲೆ ಡಾಕ್ಟರು, ಕಣ್ಣು ತೆರೆಯದೆ, ಮೆಲ್ಲಗೆ ಹೇಳಿದರು: "ಈಗ ನೋಡಿ. ಈಗ ಶುದ್ಧವಾಯ್ತು."

"ಹೌದು ಸಾರ್" ಎಂದ ವಾಲ್ವಣ್ಣ, ಎಲ್ಲರಿಗಿಂತ ಮೊದಲು. "ಈಗಲೇ ಸರಿಯಾಗಿ ಕೇಳಿಸ್ತಿರೋದು."